ದವಡೆಯ ಹಂದರ

ದವಡೆ ಚಿಕಿತ್ಸೆಯ ಪಟ್ಟಿಯಲ್ಲಿ ಹೆಸರು ಬದಲಾಗಿತ್ತು. ಲಾಯೆತ್ ಎರಡು ಸಲ ಓದಿದಳು. ನಿನ್ನೆಯವರೆಗೂ ಅಲ್ಲಿದ್ದದ್ದು ಲಕೇರ್ ಟೀಚರ ಹೆಸರು. ಈಗ ಅದರ ಮೇಲೊಂದು ಗೀಟು; ಪಕ್ಕದಲ್ಲಿ ಡಾಕ್ಟರ್ ಲನ್ಯೇರೊ ಅವರ ದುಂಡಕ್ಷರದಲ್ಲಿ, ನ್ಯೆಕೊ.

ಗುಲು ಪಟ್ಟಣದಲ್ಲಿ ಆ ಹೆಸರು ಕೇಳಿ ಉಗುಳದವರಿಲ್ಲ. ಕಾಡಿನ ಬಂಡುಕೋರರ ಜೊತೆ ಕೋವಿ ಹಿಡಿದು ಊರೂರು ಸುಟ್ಟವನು, ಶಾಲೆಗೆ ಹೋಗುವ ಮಕ್ಕಳನ್ನು ಹಗ್ಗಕ್ಕೆ ಕಟ್ಟಿ ಎಳೆದೊಯ್ದವನು. ಕೊನೆಯ ಕಾಳಗದಲ್ಲಿ ಗುಂಡು ಬಿದ್ದು ಅವನ ಕೆಳದವಡೆ ಅರ್ಧ ಹಾರಿಹೋಯಿತು. ಸರ್ಕಾರ ಕ್ಷಮಾಪತ್ರ ಕೊಟ್ಟು ಮನೆಗೆ ಕಳಿಸಿತು. ಈಗ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಸಂತೆಯಲ್ಲಿ ಇದ್ದಿಲು ಮಾರುತ್ತಾನೆ. ಬಾಯಿ ತೆರೆದರೆ ಜೊಲ್ಲು, ಗೊರಗೊರ ಸದ್ದು. ಏನು ಹೇಳಿದನೆಂದು ಯಾರಿಗೂ ತಿಳಿಯದು. ಬರೆದು ತೋರಿಸೋಣವೆಂದರೆ ಓದುಬರಹವಿಲ್ಲ.

ಲಾಯೆತ್ ಪ್ರಯೋಗಾಲಯದ ಪ್ರಿಂಟರ್ ನೋಡಿಕೊಳ್ಳುವವಳು. ಪಾಲಿಮರ್ ಕರಗಿಸಿ, ಕೂದಲಿನಂಥ ಎಳೆ ತೆಗೆದು, ಎಳೆಯ ಮೇಲೆ ಎಳೆ ಕೂರಿಸಿ ಆ ಯಂತ್ರ ಮೂಳೆಯಾಕಾರದ ಹಂದರ ಕಟ್ಟುತ್ತದೆ. ರೋಗಿಯದೇ ಜೀವಕೋಶಗಳನ್ನು ಅದರ ತೂತುಗಳಲ್ಲಿ ಬಿತ್ತಿದರೆ ಅವರೆ ಬಳ್ಳಿ ಹಬ್ಬಿದ ಹಾಗೆ ಮೂಳೆ ಹಬ್ಬುತ್ತದೆ. ಎರಡು ಮೂರು ವರ್ಷದಲ್ಲಿ ಹಂದರ ತಾನಾಗಿ ಕರಗಿಹೋಗುತ್ತದೆ. ಕುರಿಗಳ ಮೇಲೆ ಫಲಿಸಿತ್ತು. ಮನುಷ್ಯರ ಪೈಕಿ ಸದ್ಯಕ್ಕೆ ಒಬ್ಬರಿಗೆ ಮಾತ್ರ ಎಂದು ಅನುಮತಿ ಕೊಡುವ ಸಮಿತಿ ಹೇಳಿತ್ತು. ಆ ಒಬ್ಬರು ಲಕೇರ್ ಟೀಚರ್ ಆಗಬೇಕಿತ್ತು. ಗಡ್ಡೆ ತೆಗೆಸುವಾಗ ದವಡೆ ಕಳೆದುಕೊಂಡವರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ಲಾಯೆತ್‌ಗೂ.

ಅವಳು ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದಳು.

"ಪಾಠ ಹೇಳಿದ ಬಾಯಿ ಹಾಗೇ ಇರಲಿ, ಕೊಲ್ಲು ಅಂತ ಕೂಗಿದ ಬಾಯಿ ಸರಿಹೋಗ್ಲಿ ಅಂತಾನಾ ಅಮ್ಮಾ?"

ಲನ್ಯೇರೊ ಪರದೆಯಿಂದ ಕಣ್ಣು ಕೀಳಲಿಲ್ಲ. "ಟೀಚರ್‌ಗೆ ಅಷ್ಟಿಷ್ಟಾದ್ರೂ ಮಾತು ಬರುತ್ತೆ. ಇವನಿಗೆ ಏನೂ ಬರಲ್ಲ."

"ಬರದಿದ್ರೆ ಊರೇನು ಮುಳುಗತ್ತಾ? ಅವನ ಮಾತು ಯಾರಿಗೆ ಬೇಕಾಗಿದೆ?"

"ಯಾರಿಗಾದ್ರೂ ಬೇಕಿರುತ್ತೆ ಮಗಳೇ."

ಹಂದರದ ನಕ್ಷೆ ಬಂದಾಗ ಲಾಯೆತ್ ಮತ್ತೆ ತಕರಾರು ತೆಗೆದಳು. ನಾಲಿಗೆಯ ಸ್ನಾಯು ಹಿಡಿಯುವ ಕಡೆ ಡಾಕ್ಟರು ತಿಂಗಳುಗಟ್ಟಲೆ ತಿದ್ದಿದ್ದರು. ಹಲ್ಲು ಕೂರುವ ದಿಂಡು ಮಾತ್ರ ತೀರಾ ಸಣಕಲು.

"ಇದರ ಮೇಲೆ ಹಲ್ಲು ನಿಲ್ಲಲ್ಲಮ್ಮ. ಏನನ್ನೂ ಅಗಿಯೋಕಾಗಲ್ಲ ಅವನಿಗೆ."

"ಹಲ್ಲು ಬೇಡ. ಮಾತು ಬಂದ್ರೆ ಸಾಕು."

ರಾಜಧಾನಿ ಕಂಪಾಲದಿಂದ ಬಂದ ಶಸ್ತ್ರವೈದ್ಯರು ಹಂದರ ಕೂರಿಸಿ ಹೋದರು. ಅಂದಿನಿಂದ ಲನ್ಯೇರೊ ದಿನಾ ಮನೆಯಿಂದ ರಾಗಿ ಗಂಜಿ ತಂದು, ಕೈಗವಸು ತೊಟ್ಟೇ ಲೋಟ ಕೊಡುತ್ತಿದ್ದರು. ಪಕ್ಕ ಕೂತು ಪ, ಬ, ಮ ಎಂದು ತಿದ್ದಿಸುತ್ತಿದ್ದರು. ಒಂದು ದಿನವೂ ನೋವಿದೆಯಾ ಎಂದು ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು. "ಐವತ್ತಕ್ಕೆ ಕಂಕಣಬಲ ಕೂಡಿಬಂತು ನೋಡ್ರೇ. ಗಂಡು ಇದ್ದಿಲಿನ ವ್ಯಾಪಾರಿ!" ಲಾಯೆತ್ ನಗಲಿಲ್ಲ. ಅದೇ ವಾರ ಮಕ್ಕಳಿಗೆ ಪಾಠ ತಿಳಿಯುತ್ತಿಲ್ಲವೆಂದು ಶಾಲೆಯವರು ಲಕೇರ್ ಟೀಚರನ್ನು ಮನೆಗೆ ಕಳಿಸಿದ್ದರು.

ಮೂರನೆಯ ತಿಂಗಳು ನ್ಯೆಕೊ "ಅಮ್ಮ" ಅಂದ. ಅಂದವನೇ ಗಳಗಳ ಅತ್ತು ಡಾಕ್ಟರ ಕೈ ಹಿಡಿಯಲು ಹೋದ. ಅವರು ಕೈ ಹಿಂದಕ್ಕೆಳೆದುಕೊಂಡರು. "ಅಳಬೇಡ. ಎಳೆ ಮೂಳೆ ಬಿರಿದೀತು."

ಅವನು ಅತ್ತದ್ದನ್ನು ಕಂಡು ಲಾಯೆತ್‌ಳ ಸಿಟ್ಟು ಅಡಿಮೇಲಾಯಿತು. ಪಾಪಿಯನ್ನು ಕ್ಷಮಿಸಿ ಎಂದು ಪ್ರತಿ ಭಾನುವಾರ ಪಾದ್ರಿ ಹೇಳುತ್ತಿದ್ದರು. ಮಾಡಿ ತೋರಿಸಿದವರನ್ನು ಅವಳು ನೋಡಿರಲಿಲ್ಲ. ಇವರನ್ನು ತಾನು ಏನೇನೆಲ್ಲ ಅಂದುಕೊಂಡೆ! ಸಂಜೆ ಯಂತ್ರ ಒರೆಸುತ್ತ ಅವಳು ತಗ್ಗಿದ ದನಿಯಲ್ಲಿ ಅಂದಳು, "ತಪ್ಪಾಯ್ತಮ್ಮ. ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ."

"ನನಗೂ ಇಲ್ಲ," ಅಂದರು ಲನ್ಯೇರೊ.

ಆರನೆಯ ತಿಂಗಳು ಸಮಿತಿಯವರು ಬಂದರು. ನ್ಯೆಕೊ ಎದ್ದು ನಿಂತು ತನ್ನ ಹೆಸರು, ಕುಲ, ಇದ್ದಿಲಿನ ಬೆಲೆ ಎಲ್ಲ ಹೇಳಿದ. ಚಪ್ಪಾಳೆ ಬಿತ್ತು, ಫೋಟೊ ಆಯಿತು, ಕಾರುಗಳು ಹೊರಟವು. ಕೋಣೆಯಲ್ಲಿ ಮೂವರೇ ಉಳಿದರು.

"ತಾಯಿ, ನಿಮ್ಮ ಋಣ ನಾನು ಹೆಂಗೆ ತೀರಿಸ್ಲಿ?"

ಲನ್ಯೇರೊ ಬಾಗಿಲು ಹಾಕಿ ಬಂದು ಅವನೆದುರು ಕೂತರು.

"ಒಂದು ಮಾತು ಹೇಳು, ತೀರುತ್ತೆ. ಇಪ್ಪತ್ತೆರಡು ವರ್ಷದ ಹಿಂದೆ, ಅಸ್ವಾ ಹೊಳೆ ದಾಟಿ ಹುಡುಗರನ್ನ ಕರ್ಕೊಂಡು ಹೋದೆ. ತಪ್ಪಿಸಿಕೊಂಡು ಬಂದವರು ನಿನ್ನ ಹೆಸರೇ ಹೇಳಿದ್ರು. ಅದರಲ್ಲಿ ನನ್ನ ತಮ್ಮ ಇದ್ದ. ಓಬೋಲ್. ಹನ್ನೊಂದು ವರ್ಷ. ಪಾದ ಬಾತು ಕುಂಟ್ತಿದ್ದ. ಇವನು ನಡೆಯಲ್ಲ ಅಂತ ಎಲ್ಲರನ್ನೂ ಮುಂದೆ ಕಳಿಸಿ ನೀನೊಬ್ಬನೇ ಅವನ ಜೊತೆ ಹಿಂದೆ ಉಳಿದೆ. ಅವನನ್ನ ಎಲ್ಲಿ ಬಿಟ್ಟೆ? ಯಾವ ಮರದ ಕೆಳಗೆ? ನಮ್ಮಮ್ಮ ಸಾಯೋದ್ರೊಳಗೆ ಅವನ ಮೂಳೆ ಮನೆಗೆ ಬರಬೇಕು. ನಿನಗೆ ದವಡೆ ಕಟ್ಟಿದ್ದು ಇದೊಂದಕ್ಕೇ."

ನ್ಯೆಕೊ ಯೋಚಿಸಿದ. ಮುಚ್ಚಿಡುವವನಂತೆ ಅಲ್ಲ, ನಿಜವಾಗಿಯೂ ನೆನಪಿಸಿಕೊಳ್ಳಲು ಹೆಣಗುವವನಂತೆ. ಆಮೇಲೆ ಎಲ್ಲೂ ತೊದಲದೆ ಕೇಳಿದ:

"ಅವರಲ್ಲಿ ಯಾರು, ತಾಯಿ? ನಡೆಯೋಕಾಗದ ಹುಡುಗರು ಬಹಳ ಮಂದಿ ಇದ್ರು."