ಅಳಿಸದೆ ಉಳಿದ ಜಾಹೀರಾತು

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಿಲ್ಲ. ಎಂದೂ ಇಲ್ಲದ್ದು ಇವತ್ತು ಜಾಹೀರಾತನ್ನು ಪೂರ್ತಿ ಓದಿಬಿಟ್ಟಿದ್ದ, ಯಡವಟ್ಟಾಗಿದ್ದೇ ಅಲ್ಲಿ.

ಪ್ರೋಗ್ರಾಮರ್‌ಗಳು ಒಬ್ಬರಿಗೊಬ್ಬರು ಸಂಶಯ ಬಗೆಹರಿಸಿಕೊಡುವ ಆ ಆನ್‌ಲೈನ್ ಫೋರಂನಲ್ಲಿ ನೌಕರಿ ಜಾಹೀರಾತು ಹಾಕುವಂತಿಲ್ಲ. ಹಾಕಿದರೆ ಅಳಿಸಲು ಇವನಿದ್ದಾನೆ, ಸಂಬಳವಿಲ್ಲದ ಕಾವಲುಗಾರ. ಕಂಪನಿಗಳಿಗೆ ಜನ ಹುಡುಕಿಕೊಡುವವರು ಇವನಿಗಿಟ್ಟ ಹೆಸರು ಕತ್ತರಿ. ಅವರನ್ನು ಒಳಗೆ ಬಿಟ್ಟರೆ ಕಲಿಯುವ ಜಾಗ ಸಂತೆಯಾಗುತ್ತದೆ ಎಂಬುದು ಅವನ ವಾದ. ವಾದಕ್ಕೆ ನಿಂತರೆ ಪುಣ್ಯಾತ್ಮ ಯಾರಪ್ಪನ ಮಾತೂ ಕೇಳುವವನಲ್ಲ.

ಈಗ ಅವನಿಗೇ ಕೆಲಸವಿಲ್ಲ. ಕಂಪನಿ ಮುಚ್ಚಿ ತಿಂಗಳುಗಳಾಗಿವೆ. ಹೀಗೇ ಆದರೆ ಬಾಡಿಗೆ ಮನೆಯೂ ಕೈತಪ್ಪುತ್ತದೆ. ಕಣ್ಣ ಮುಂದಿರುವುದೋ, ಯಾರೋ ಬರೆದು ಬಿಟ್ಟುಹೋದ ಹಳೇ ಪ್ರೋಗ್ರಾಂಗಳನ್ನು ರಿಪೇರಿ ಮಾಡುವ ಕೆಲಸ. ಜೀವಮಾನವೆಲ್ಲ ಅವನು ಮಾಡಿದ್ದು ಅದನ್ನೇ.

ಬೆನ್ನ ಹಿಂದೆ ನಿಂತು ಓದಿದ ಹೆಂಡತಿ, ಅಳಿಸಿಬಿಟ್ಟು ಸುಮ್ಮನೆ ಅರ್ಜಿ ಹಾಕಿ, ಯಾರಿಗೆ ಗೊತ್ತಾಗುತ್ತದೆ ಎಂದಳು.

"ನಂಗೆ ಗೊತ್ತಾಗತ್ತಲ್ಲೇ. ಓದ್ಕೊಂಡು ಅಳಿಸಿದ್ರೆ ಬೇರೆಯವರ ಬಾಯಿಂದ ತುತ್ತು ಕಿತ್ಕೊಂಡ ಹಾಗಾಗತ್ತೆ."

ಅವಳು ದಡದಡ ಒಳಗೆ ಹೋದಳು. ಅವಳ ಸಿಟ್ಟೂ ನ್ಯಾಯವೇ.

ಅವನು ಎಲ್ಲರಂತೆ ಒಂದು ಅರ್ಜಿ ಕಳಿಸಿ, ಜಾಹೀರಾತಿನ ಕೆಳಗೆ ಬರೆದ: "ನಿಯಮ ಮುರಿಯುತ್ತಿದ್ದೇನೆ. ನನಗೂ ಕೆಲಸವಿಲ್ಲ, ಇದಕ್ಕೆ ಅರ್ಜಿ ಹಾಕಿದ್ದೇನೆ. ಹಾಗಿರುವಾಗ ನಿಮ್ಮಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ. ಬೇಕಾದವರು ನೀವೂ ಹಾಕಿ. ಇಂಥ ಜಾಹೀರಾತುಗಳಿಗೆ ಇಲ್ಲಿ ಜಾಗ ಕೊಡಬೇಕೋ ಬೇಡವೋ, ನೀವೇ ಹೇಳಿ." ಆಮೇಲೆ ಬೈಗುಳಕ್ಕೆ ಹೆದರಿ ಫೋರಂ ಕಡೆ ತಲೆಯನ್ನೇ ಹಾಕಲಿಲ್ಲ.

ಮರುದಿನ ಊಟಕ್ಕೆ ಕೂತಾಗ ಜಾಹೀರಾತು ಹಾಕಿದ್ದ ಹೆಂಗಸಿನ ಫೋನ್ ಬಂತು. ಕೈ ಎಂಜಲು, ಹೆಂಡತಿಯೇ ಸ್ಪೀಕರ್ ಒತ್ತಿದಳು. ಇವನದೊಂದು ಬಿಟ್ಟರೆ ಬೇರೆ ಅರ್ಜಿಯೇ ಬಂದಿಲ್ಲವಂತೆ. ತನ್ನ ಬರಹದಿಂದ ಪಾಪ ಆಕೆಯ ಕೆಲಸ ಕೆಟ್ಟಿತಲ್ಲ ಎಂದುಕೊಂಡು ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ.

"ಬಂದಿರೋದೆಲ್ಲ ನಿಮ್ಮ ಬಗ್ಗೆನೇ ಸಾರ್," ಎಂದು ಆಕೆ ಫೋರಂನವರು ಕಳಿಸಿದ್ದ ಮೇಲ್‌ಗಳನ್ನು ಒಂದೊಂದಾಗಿ ಓದತೊಡಗಿದಳು. 'ನನ್ನ ಪ್ರೋಗ್ರಾಂನ ತಪ್ಪನ್ನು ವಾರಗಟ್ಟಲೆ ಕೂತು ಹುಡುಕಿಕೊಟ್ಟವರು ಇವರು.' 'ಬೈದು ಬೈದೇ ಕಲಿಸಿದರು, ಅದರಿಂದಲೇ ಇವತ್ತು ಅನ್ನ ತಿನ್ನುತ್ತಿದ್ದೇನೆ.' 'ನನಗೂ ಕೆಲಸ ಬೇಕು, ಆದರೆ ಮೊದಲು ಅವರಿಗೆ ಕೊಡಿ.' "ಇನ್ನೂ ಬರ್ತಾನೇ ಇವೆ. ಸೋಮವಾರ ಬಂದು ಮಾತಾಡ್ತೀರಾ ಸಾರ್?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಹೆಂಡತಿ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಬರ್ತಾರೆ ಮೇಡಂ. ಒಂಚೂರು ತಡೀರಿ, ಅಳೋದು ಮುಗಿಸ್ಲಿ, ಅವರೇ ಹೇಳ್ತಾರೆ."