ಹೆಬ್ಬಾತುಗಳು ಎದ್ದ ಸಂಜೆ

ಗೋಪಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಮಗ ಹಾಲು ಕುಡಿಯುತ್ತಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ಒಯ್ದಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಈಗ ಅವಳ ಕಣ್ಣು ಹೊಳೆದಂಡೆಯಲ್ಲಿ ದುರ್ಬೀನು ಹಿಡಿದು ಕೂತ ಮನುಷ್ಯನ ಮೇಲಿತ್ತು.

"ಹಕ್ಕಿ ನೋಡ್ತಾನಂತ!" ನೆರೆಮನೆಯ ಅಮರಮ್ಮ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು. "ಹಿಡಿಯಾಂವ ನೋಡ್ತಾನ, ತಿನ್ನಾಂವ ನೋಡ್ತಾನ. ಸುಮ್ಸುಮ್ನ ಯಾರ್ ನೋಡ್ತಾರಕ್ಕಾ? ಅಂವ ನಾಕಾದ ಮನಿಷಾ. ಜವಾನರ ಕೂಡ ಚಾ ಕುಡಿಯೂದು ಕಣ್ಣಾರೆ ನೋಡೀನಿ."

ಅದು ನಲವತ್ತೇಳರ ಕಾರ್ತಿಕ. ಹೊಳೆಯ ಆಚೆ ಬಳ್ಳಾರಿ ಜಿಲ್ಲೆ, ಈಚೆ ನಿಜಾಮನ ಸೀಮೆ. ಸ್ವಾತಂತ್ರ್ಯ ಆಚೆ ದಂಡೆಗೆ ಬಂದಿತ್ತು, ಈಚೆ ಬಂದಿರಲಿಲ್ಲ. ಗೋಪಮ್ಮನ ಮಗ ವೆಂಕೋಬ ಮಾನವಿಯ ಕಚೇರಿ ಮುಂದಿನ ಬೇವಿನ ಮರಕ್ಕೆ ಮೂರು ಬಣ್ಣದ ಬಾವುಟ ಕಟ್ಟಿ ಹೊಳೆ ದಾಟಿ ಓಡಿಹೋಗಿದ್ದ. ಅಂದಿನಿಂದ ದಂಡೆಯ ಏರಿನಲ್ಲಿ ನಿಜಾಮನ ಕಾವಲು ನಾಕಾ ಕೂತಿತ್ತು. ಅಲ್ಲಿ ಬಂದೂಕಿನ ಜವಾನರಿದ್ದರು.

ಆಚೆ ಹೋದ ಹುಡುಗರು ಕದ್ದು ದಾಟಿ ಬಂದಾಗ ಜೊಂಡಿನಲ್ಲಿ ಕೂತು ಸಿಳ್ಳು ಹೊಡೆಯುತ್ತಿದ್ದರು. ಗೋಪಮ್ಮನಿಗೆ ಸಿಳ್ಳು ಹೊಡೆದು ಉಪಯೋಗವಿಲ್ಲ. ಅದಕ್ಕೇ ವೆಂಕೋಬ ಅಮರಮ್ಮನ ಬಾಯಲ್ಲಿ ಬೇರೆ ಗುರುತು ಹೇಳಿ ಕಳಿಸಿದ್ದ. ಹೊಳೆ ಇಳಿಯಲಿ, ಹೆಬ್ಬಾತುಗಳು ಬಂದು ನಡುಹೊಳೆಯ ದಿಬ್ಬದ ಮೇಲೆ ಕೂರಲಿ. ಒಂದು ಸಂಜೆ ಅವು ಎದ್ದರೆ ನಾನು ಬಂದೆನೆಂದು ತಿಳಿ. ದಂಡೆಯಲ್ಲಿ ನಿಲ್ಲಬೇಡ, ಮನೆಗೆ ಹೋಗಿ ಒಲೆ ಮೇಲೆ ಹಂಚಿಡು.

ದೀಪಾವಳಿ ಕಳೆದರೂ ದಿಬ್ಬ ಬರಿದಾಗಿತ್ತು.

ದುರ್ಬೀನಿನವನ ಹೆಸರು ಗುಲಾಮ್ ದಸ್ತಗೀರ್. ರಾಯಚೂರಿನಲ್ಲಿ ಮಾಸ್ತರ. ಶುಕ್ರವಾರ ಶಾಲೆಗೆ ರಜೆ. ಮಾನವಿಯಲ್ಲಿದ್ದ ತಂಗಿ ಲತೀಫಾಳ ಮನೆಯಿಂದ ಸೈಕಲ್ ತುಳಿದು ಹೊಳೆಗೆ ಬರುತ್ತಿದ್ದರು. ಅವರೇ ಮೊದಲು ಮಾತಾಡಿಸಿದರು. ಗೋಪಮ್ಮ ತಲೆಯಾಡಿಸಿದಳು.

"ನಿಮ್ಮ ಮೀಸಿಯೊಳಗ ಮಾತು ಸಿಗಾಕಿಲ್ರೀ ಮಾಸ್ತರ್ರ. ಹುಲ್ಲಾಗ ಸೂಜಿ ಹುಡಿಕಿದಂಗ ಆಗ್ತದ."

ಮುಂದಿನ ಶುಕ್ರವಾರ ಅವರು ಮೀಸೆ ಕತ್ತರಿಸಿಕೊಂಡು ಬಂದರು. ತುಟಿ ಬಿಡಿಸಿ ಹೇಳಿದರು: "ದೇವದುರ್ಗದ ಕಡಿ ಕೃಷ್ಣಾ ಹೊಳಿಗೆ ಹೆಬ್ಬಾತು ಬಂದಾವ ಯವ್ವಾ. ಇನ್ನ ಇಲ್ಲಿಗೂ ಬರ್ತಾವ."

ಅವಳ ಮುಖ ಅರಳಿದ್ದನ್ನು ಅವರು ನೋಡಿದರು. "ನಿನಗ ಹೆಬ್ಬಾತು ಯಾಕ ಬೇಕು?"

"ಹಿಂಗ. ನಿಮಗ್ಯಾಕ ಬೇಕು?"

"ಹಿಂಗ."

ಇಬ್ಬರೂ ನಕ್ಕರು. ಮಾಸ್ತರರ ಕಣ್ಣು ಮಾತ್ರ ಆಚೆ ದಂಡೆಯ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಮನೆಗೆ ಬಂದ ಗೋಪಮ್ಮ ಬಹಳ ಹೊತ್ತು ಒಲೆ ಹಚ್ಚದೆ ಕೂತಳು.

ಒಂದು ಶುಕ್ರವಾರ ಹೆಬ್ಬಾತುಗಳು ಬಂದವು. ಬೂದು ಮೈ, ಬಿಳಿ ತಲೆಗೆ ಅಡ್ಡ ಎರಡು ಕರಿಪಟ್ಟೆ. ಅದೇ ಸಂಜೆ ದಿಬ್ಬದ ಒಂದು ಅಂಚಿನಿಂದ ಏಳತೊಡಗಿದವು. ಮೊದಲು ನಾಲ್ಕು, ಅವುಗಳ ಹಿಂದೆ ಹತ್ತು, ಚಾಪೆ ಸುತ್ತಿಕೊಂಡು ಹೋದಂತೆ. ಗೋಪಮ್ಮ ಎದ್ದು ನಿಂತಳು. ದಿಬ್ಬ ಹತ್ತಿದವನು ಬಲೆ ಹೊತ್ತ ಬೆಸ್ತ.

"ಮನಿಷ ನಡದು ಬಂದ್ರ ಹಿಂಗ ಏಳ್ತಾವ," ಎಂದರು ಮಾಸ್ತರರು, ತಾವಾಗಿಯೇ ಅವಳ ಕಡೆ ತಿರುಗಿ.

ಮುಂದಿನ ಶುಕ್ರವಾರ ಬಿಸಿಲು ಇಳಿದು ನೀರು ಕಣ್ಣಿಗೆ ಹೊಡೆಯುತ್ತಿತ್ತು. ದಿಬ್ಬದ ಆಚೆ ಬದಿ ಬರಿಗಣ್ಣಿಗೆ ಕಾಣದು. ಒಮ್ಮೆಲೇ ಅಷ್ಟೂ ಹೆಬ್ಬಾತುಗಳು, ಕಂಬಳಿ ಝಾಡಿಸಿದಂತೆ, ಆಕಾಶಕ್ಕೆದ್ದವು.

ಮಾಸ್ತರರು ಹಕ್ಕಿಗಳನ್ನು ನೋಡಲಿಲ್ಲ. ಸರಕ್ಕನೆ ನಾಕಾ ಕಡೆ ತಿರುಗಿದರು. ಆಮೇಲೆ ದುರ್ಬೀನು ಎತ್ತಿ ದಿಬ್ಬದ ಅಂಚಿಗೆ ಹಿಡಿದರು. ಹಿಡಿದೇ ಇದ್ದರು.

"ಯಾರ್ರೀ? ಯಾರದಾರ ಅಲ್ಲಿ? ಕೊಡ್ರಿ, ನಾ ನೋಡ್ತೀನಿ."

ಅವರು ದುರ್ಬೀನನ್ನು ಚರ್ಮದ ಚೀಲಕ್ಕೆ ಹಾಕಿ ಗುಂಡಿ ಬಿಗಿದರು.

"ಬ್ಯಾಡ ಯವ್ವಾ."

"ನನ್ನ ಮಗ ಅದಾನ್ರೀ ಅಲ್ಲಿ." ಅಷ್ಟು ದಿನ ಬಚ್ಚಿಟ್ಟದ್ದು ಬಾಯಿಂದ ಬಿದ್ದಿತ್ತು. ಅವಳು ಅವರ ಕೈ ಹಿಡಿದಳು. "ನಾಕಾದವ್ರಿಗೆ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಅಂವ ಬಂದಾನೋ ಇಲ್ಲೋ, ಅಷ್ಟ ಹೇಳ್ರಿ."

ಮಾಸ್ತರರು ತುಟಿ ಬಿಡಿಸಿ ಹೇಳಿದರು: "ಬಂದಾನ. ನೀ ಇಲ್ಲಿ ನಿಂದರಬ್ಯಾಡ. ಮನಿಗಿ ಹೋಗಿ ಹಂಚಿಡು."

ವೆಂಕೋಬನ ಮಾತೇ. ಇವರಿಗೆ ಹೇಗೆ ಗೊತ್ತಾಯಿತು? ಅಮರಮ್ಮ ಎಲ್ಲ ಕಡೆ ಬಾಯಿ ಬಿಡುವವಳು, ಅವಳೇ ಹೇಳಿರಬೇಕು. ಆದರೂ ಕಾಲು ನಿಲ್ಲಲಿಲ್ಲ, ಓಡಿದಳು. ಜೋಳದ ಹಿಟ್ಟು ಕಲಸಿದಳು. ರೊಟ್ಟಿ ಬಡಿದಳು. ಪುಂಡಿಪಲ್ಯ ಬಿಸಿ ಮಾಡಿದಳು. ಮೊದಲ ರೊಟ್ಟಿ ಉಬ್ಬಿ ಬಂದಾಗ ಬಾಗಿಲಲ್ಲಿ ನೆರಳು ಬಿತ್ತು.

ಮಾಸ್ತರರು. ಷೇರವಾನಿ ಎದೆಮಟ್ಟ ನೆನೆದಿತ್ತು. ತೋಳು ನೆತ್ತರಿನಿಂದ ಕೆಂಪಾಗಿತ್ತು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಗೋಪಮ್ಮನಿಗೆ ಒಂದಕ್ಷರವೂ ಹಿಡಿಯಲಿಲ್ಲ. ಅವರ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ನಗುತ್ತಲೇ ಬಗ್ಗಿ ನೋಡಿದಳು.

ನಾಕಾದಿಂದ ಹಾರಿದ ಗುಂಡು ದಂಡೆಯಲ್ಲಿ ಎಲ್ಲರಿಗೂ ಕೇಳಿಸಿತ್ತು, ಅವಳೊಬ್ಬಳನ್ನು ಬಿಟ್ಟು. ಹೆಬ್ಬಾತುಗಳು ಎದ್ದದ್ದು ಆ ಸದ್ದಿಗೇ. ಕತ್ತಲಾಗುವ ಮುಂಚೆ ಅವು ದಿಬ್ಬಕ್ಕೆ ಮರಳಿದವು. ಹೆಬ್ಬಾತುಗಳಲ್ಲಿ ಹೋದದ್ದು ಒಂದೂ ಇಲ್ಲ, ನಾಕಾದಲ್ಲಿ ಹೋದದ್ದು ಬಂದೂಕಿನ ಒಂದು ತೋಟಾ, ಗೋಪಮ್ಮನ ಮನೆಯಲ್ಲಿ ಒಬ್ಬ ಮಗ.