ಮೃಗದ ಗುರುತು

ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಬಂದ ವಾರವೇ ಪಾಸ್ಟರ್ ಗಿದ್ಯೋನಪ್ಪ ಚರ್ಚಿನ ಪ್ರಸಂಗದಲ್ಲಿ ಗುಡುಗಿದರು.

"ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಹೇಳಿರೋ, ಸೈತಾನನ ಕಡೆಯೋರ ಕೈಗೆ ಬೀಳೋ ಮೃಗದ ಗುರುತು ಇದೇ! ಅದಕ್ಕೆ ಕೈ ಕೊಟ್ಟೋರು ನ್ಯಾಯತೀರ್ಪಿನ ದಿನ ನೇರ ಬೆಂಕಿಯ ಕೆರೆಗೆ!"

ಕರುಣಮ್ಮ ಅಳುಕುತ್ತಲೇ ಎದ್ದು ನಿಂತಳು. "ಅಯ್ಯನವರೇ, ಗುರುತು ಅಂತ ಹೋಲಿಕೆಗೆ ಹೇಳಿರಬಹುದಲ್ವಾ?"

"ಹೋಲಿಕೆಯಂತೆ! ಬೆಂಕೀಲಿ ಬೇಯುವಾಗ ಗೊತ್ತಾಗತ್ತೆ ಬಿಡಮ್ಮ, ಹೋಲಿಕೆಯೋ ನಿಜವೋ ಅಂತ. ದೇವರ ವಾಕ್ಯ ಹೇಗೆ ಬರೆದಿದೆಯೋ ಹಾಗೇ!"

ಸಭೆಯೆಲ್ಲ ನಕ್ಕಿತು. ಕರುಣಮ್ಮ ತಲೆ ತಗ್ಗಿಸಿ ಕುಳಿತಳು.

ಅಂದಿನಿಂದ ಅವಳು ಅಂಗಡಿಯತ್ತ ಸುಳಿಯಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿಯಿತು. ಹಾಸಿಗೆ ಹಿಡಿದಿದ್ದ ಅತ್ತೆಯ ಗಂಜಿ ದಿನೇದಿನೇ ನೀರಾಯಿತು. "ನಿಮ್ಮ ಪಾಸ್ಟರಿಗೇನು ಕಮ್ಮಿ, ಮೈ ತುಂಬ್ಕೊಂಡೇ ಇದಾರೆ" ಎಂದು ಮುದುಕಿ ಗೊಣಗಿದಾಗೆಲ್ಲ ಕರುಣಮ್ಮ, "ಹಾಗನ್ನಬೇಡಿ ಅತ್ತೆ, ಪಾಪ ಬರತ್ತೆ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಯಾರ ಮನೆಯಲ್ಲಾದರೂ ನುಚ್ಚು ಸಿಕ್ಕೀತೇ ಎಂದು ಹೊರಟವಳು ಅಂಗಡಿಯ ಮುಂದೆ ಗಕ್ಕನೆ ನಿಂತಳು. ಗಿದ್ಯೋನಪ್ಪ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಅಕ್ಕಿಯ ಚೀಲವನ್ನು ಸ್ಕೂಟರಿಗೆ ಏರಿಸುತ್ತಿದ್ದರು.

"ಅಯ್ಯನವರೇ, ಇದೇನಿದು? ನಿಮ್ಮ ಮಾತು ಕೇಳಿ ನಮ್ಮತ್ತೆ ಹಸ್ಕೊಂಡು ಸಾಯ್ತಾ ಇದಾರೆ! ನೀವೇ ಗುರುತು ಹಾಕಿಸ್ಕೊಂಡ್ರಾ?"

ಪಾಸ್ಟರ್ ಕೊಂಚವೂ ಅಳುಕದೆ, ಚೀಲಕ್ಕೆ ಹಗ್ಗ ಬಿಗಿಯುತ್ತ ಹೇಳಿದರು:

"ವಾಕ್ಯಾನ ಸರಿಯಾಗಿ ಓದಮ್ಮ. ಬಲಗೈ ಅಂತಿದೆ. ನಾನು ಒತ್ತಿದ್ದು ಎಡಗೈ."